ನನಗೆ ಗೊತ್ತಿರುವ ದೋಷ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ ಅಂತ ಲ್ಯಾಬಿನವರೆಲ್ಲ ಹೇಳ್ತಾರೆ. ಸುಳ್ಳು. ಮೂಗಿನ ತುದಿಗೆ ಬಂದು ಕೂರೋ ಅಷ್ಟು ಪುರುಸೊತ್ತು ನನ್ನ ಕೋಪಕ್ಕೆಲ್ಲಿದೆ? ಬಾಯಿಂದಲೇ ನೇರ ಹೊರಗೆ ಬಂದುಬಿಡುತ್ತೆ. ಹತ್ತು ನಿಮಿಷ ಕೂಗಾಡ್ತೀನಿ, ಹನ್ನೊಂದನೇ ನಿಮಿಷಕ್ಕೆ ಯಾರ ಮೇಲೆ ಕೂಗಾಡಿದ್ನೋ ಅವರ ಜೊತೆಯೇ ಕೂತು ಕಾಫಿ ಕುಡೀತೀನಿ. ಈ ಸ್ವಭಾವದಿಂದ ಯಾರಿಗೂ ಏನೂ ನಷ್ಟ ಆಗಿಲ್ಲ ಅಂತ ಐವತ್ತಮೂರು ವರ್ಷ ನಂಬಿಕೊಂಡಿದ್ದೆ. ಆ ನಂಬಿಕೆ ಹೇಗೆ ಮುರೀತು ಅಂತ ಹೇಳ್ತೀನಿ ಕೇಳಿ.

ನಾನು ಈ ವಿಜ್ಞಾನ ಸಂಸ್ಥೆಯ ಎಲೆಕ್ಟ್ರಾನಿಕ್ಸ್ ವರ್ಕ್‌ಶಾಪಿನಲ್ಲಿ ಇಪ್ಪತ್ತೇಳು ವರ್ಷದಿಂದ ಬೆಸುಗೆ ಹಾಕ್ತಿದ್ದೀನಿ. ಹೆಸರು ಹಿಡಿದು ಕರೆಯೋರು ಯಾರೂ ಉಳಿದಿಲ್ಲ, ಎಲ್ಲರಿಗೂ ಬೆಸುಗೆ ಅಕ್ಕ. ಲೇಸರ್‌ಗಳಿಗೆ ಕರೆಂಟ್ ಕೊಡೋ ಪೆಟ್ಟಿಗೆ ಕಟ್ಟೋದು ನನ್ನ ಕೆಲಸ. ಕೇಳೋಕೆ ಸುಲಭ. ಆದರೆ ಕರೆಂಟ್ ಒಂಚೂರು ನಡುಗಿದ್ರೂ ಲೇಸರ್ ಬೆಳಕಿನ ಬಣ್ಣ ನಡುಗುತ್ತೆ, ಬಣ್ಣ ನಡುಗಿದ್ರೆ ಅದರಿಂದ ಅಳೆದದ್ದೆಲ್ಲ ಹಾಳು. ಈ ನಡುಕಕ್ಕೆ ನಾವು ನಾಯ್ಸ್ ಅಂತೀವಿ. ಅಂಗಡಿಯಿಂದ ತಂದ ಪೆಟ್ಟಿಗೆಗಳ ನಾಯ್ಸ್ ನೋಡಿಬಿಟ್ರೆ ಜ್ವರ ಬಂದವರ ಕೈಲಿ ಚಹಾ ಲೋಟ ಕೊಟ್ಟ ಹಾಗಿರುತ್ತೆ. ನನ್ನ ಪೆಟ್ಟಿಗೆಗಳು ಹಾಗಲ್ಲ. ಕೊಚ್ಚಿಕೊಳ್ತೀನಿ ಅಂದ್ಕೊಳ್ಳಿ, ಪರವಾಗಿಲ್ಲ.

ನಮ್ಮ ಮೇಷ್ಟ್ರಿಗೆ ಇಂಥ ಒಂಬತ್ತು ಪೆಟ್ಟಿಗೆ ಬೇಕಿತ್ತು. ಮೇಷ್ಟ್ರು ಅಂದ್ರೆ ಕೆಳಮಹಡಿಯ ಲೇಸರ್ ಕೋಣೆಯ ಯಜಮಾನರು, ಅರವತ್ತನಾಲ್ಕು ವಯಸ್ಸು, ಮಾತು ಕಮ್ಮಿ. ಅಲ್ಲಿ ಅವರು ಒಂದು ಹಿಡಿ ಪರಮಾಣುಗಳನ್ನ ಬೆಳಕಿನಲ್ಲೇ ಹಿಡಿದು ನಿಲ್ಲಿಸಿ, ಅವುಗಳ ಮಿಡಿತ ಅಳೀತಾರೆ. ಪ್ರಕೃತಿಯಲ್ಲಿ ಒಂದು ಸಂಖ್ಯೆ ಇದೆಯಂತೆ, ಎಲ್ಲ ಕಡೆ ಯಾವಾಗಲೂ ಒಂದೇ ಇರಬೇಕಾದದ್ದು. ಭೂಮಿ ಸೂರ್ಯನಿಗೆ ಒಂದು ಸುತ್ತು ಹಾಕೋ ಅಷ್ಟರಲ್ಲಿ ಆ ಸಂಖ್ಯೆ ಒಂದಿಷ್ಟಾದ್ರೂ ಏರಿಳಿಯುತ್ತಾ ಇಲ್ವಾ? ಇದೇ ಪ್ರಶ್ನೆ. ಏರಿಳಿದ್ರೆ ಪುಸ್ತಕಗಳನ್ನೆಲ್ಲ ತಿದ್ದಬೇಕಾಗುತ್ತೆ ಅಂತ ಮೇಷ್ಟ್ರು ಹೇಳ್ತಿದ್ರು.

ಅಳೆಯೋಳು ಕಡ್ಡಿ. ಮೇಷ್ಟ್ರ ಸಂಶೋಧನಾ ವಿದ್ಯಾರ್ಥಿನಿ, ಇಪ್ಪತ್ತೊಂಬತ್ತು ವರ್ಷ. ಜೋರಾಗಿ ಬಾಗಿಲು ಹಾಕಿದ್ರೆ ಹಾರಿಹೋಗ್ತಾಳೇನೋ ಅನ್ನಿಸುತ್ತೆ, ಅದಕ್ಕೇ ಆ ಹೆಸರು ಇಟ್ಟೆ. ಊಟಕ್ಕೆ ಕೂತ್ರೆ ಮಾತ್ರ ಮೂರು ಜನರ ಪಾಲು ಬೇಕು. ಹಠಕ್ಕೂ ಅಷ್ಟೇ. ಹದಿನಾಲ್ಕು ತಿಂಗಳು ಒಂದು ದಿನ ಬಿಡದೆ ಆ ಕೋಣೆಯಲ್ಲಿ ಕೂತು ಅಳೆದಿದ್ದಾಳೆ. ಇವಳ ಡಾಕ್ಟರೇಟ್ ಪೂರ್ತಿ ನಿಂತಿರೋದು ಆ ಹದಿನಾಲ್ಕು ತಿಂಗಳ ಮೇಲೆ.

ಇವರಲ್ಲಿ ಒಂದು ಪದ್ಧತಿ ಇದೆ. ಉತ್ತರ ಏನು ಬರ್ತಿದೆ ಅಂತ ಅಳೆಯೋರಿಗೇ ಗೊತ್ತಾಗಬಾರದು. ಗೊತ್ತಾದ್ರೆ ಕೈ ಮೋಸ ಮಾಡದಿದ್ರೂ ಕಣ್ಣು ಮಾಡುತ್ತೆ, ಬೇಕಾದ ಕಡೆ ವಾಲುತ್ತೆ. ಅದಕ್ಕೆ ಕಂಪ್ಯೂಟರು ಪ್ರತಿ ಲೆಕ್ಕದಲ್ಲೂ ಒಂದು ಗುಟ್ಟಿನ ಸಂಖ್ಯೆ ಬೆರೆಸಿಡುತ್ತೆ. ಆ ಗುಟ್ಟು ಒಂದು ಲಕೋಟೆಯಲ್ಲಿ, ಲಕೋಟೆ ಪಕ್ಕದ ವಿಭಾಗದ ಮುಖ್ಯಸ್ಥೆಯ ಬೀರುವಿನಲ್ಲಿ. ಎಲ್ಲ ಮುಗಿದ ಮೇಲೆ, ಕೆಲಸ ಮಾಡಿದ ಪ್ರತಿಯೊಬ್ಬರೂ ಒಂದು ಕಾಗದಕ್ಕೆ ಸಹಿ ಹಾಕಬೇಕು: "ನನ್ನ ಭಾಗದಲ್ಲಿ ನನಗೆ ಗೊತ್ತಿರುವ ದೋಷ:" ಅಂತ ಇದ್ದು ಮುಂದೆ ಖಾಲಿ ಜಾಗ. ಎಲ್ಲರೂ "ಇಲ್ಲ" ಅಂತ ಬರೀತಾರೆ, ಲಕೋಟೆ ಒಡೀತಾರೆ. ಒಡೆದ ಮೇಲೆ ಏನನ್ನೂ ತಿದ್ದೋ ಹಾಗಿಲ್ಲ. ಬಂದದ್ದು ಬಂತು. ಅಲ್ಲಿಯವರೆಗೆ ಕೋಣೆಯಲ್ಲಿ ಒಂದು ತಿರುಪನ್ನೂ ಮುಟ್ಟಬಾರದು ಅಂತ ಮೇಷ್ಟ್ರು ಒಂಬತ್ತು ಪೆಟ್ಟಿಗೆಗಳ ಮುಚ್ಚಳಕ್ಕೂ ಸಹಿ ಮಾಡಿದ ಕಾಗದ ಅಂಟಿಸಿದ್ರು.

ಲಕೋಟೆ ಒಡೆಯೋಕೆ ಒಂದು ಶುಕ್ರವಾರ ಗೊತ್ತಾಯ್ತು. ಅದರ ಹಿಂದಿನ ಸೋಮವಾರ, ದೊಡ್ಡ ಕೆಲಸ ಮುಗೀತಲ್ಲ ಅಂತ ನಾನು ಬೆಂಚಿನ ಡ್ರಾಯರ್ ಚೊಕ್ಕ ಮಾಡೋಕೆ ಕೂತೆ. ಮೂರನೇ ಡ್ರಾಯರಿನ ಮೂಲೆಯಲ್ಲಿ ಮಡಿಸಿದ ಒಂದು ಚೀಟಿ. ಬಿಚ್ಚಿದೆ. ಒಳಗೆ ಒಂದು ರೆಸಿಸ್ಟರ್, ಬೆರಳ ಉಗುರಿನಷ್ಟು ಚೌಕ, ಎರಡು ಕಾಲು. ಚೀಟಿ ಮೇಲೆ ನನ್ನದೇ ಅಕ್ಷರ: "ನಾಳೆ ಹಾಕು."

ಡ್ರಾಯರ್ ಚೊಕ್ಕ ಮಾಡೋದನ್ನ ಅಲ್ಲಿಗೇ ಬಿಟ್ಟೆ.

ಆ ರೆಸಿಸ್ಟರ್ ಸಾಮಾನ್ಯದ್ದಲ್ಲ. ಲೇಸರ್‌ಗೆ ಎಷ್ಟು ಕರೆಂಟ್ ಹೋಗ್ತಿದೆ ಅಂತ ಪೆಟ್ಟಿಗೆ ತಿಳ್ಕೊಳ್ಳೋದೇ ಅದರಿಂದ. ಅದು ಬಿಸಿಗೆ, ಚಳಿಗೆ ಜಗ್ಗಬಾರದು, ನಾಯ್ಸ್ ಮಾಡಬಾರದು. ಒಂಬತ್ತು ಪೆಟ್ಟಿಗೆಗೆ ಅಂತ ಹತ್ತು ತರಿಸಿದ್ವಿ, ಒಂದು ಹೆಚ್ಚಿಗೆ. ಕೊನೇ ಪೆಟ್ಟಿಗೆ ಪರೀಕ್ಷೆ ಮುಗಿಸಿ ಮುಚ್ಚಳ ಹಾಕುವಾಗ ನನ್ನ ಕೈತಪ್ಪಿ ಆ ರೆಸಿಸ್ಟರಿನ ಒಂದು ಕಾಲು ಮುರೀತು. ಹತ್ತನೆಯದು ಸ್ಟೋರಿನಲ್ಲಿತ್ತು. ಹೋಗಿ ಕೇಳಿದ್ರೆ ಸ್ಟೋರ್ ಕೀಪರು, "ಫಾರಂ ತುಂಬಿಸಿ, ನಿಮ್ಮ ವರ್ಕ್‌ಶಾಪ್ ಮುಖ್ಯಸ್ಥರ ಸಹಿ ತನ್ನಿ, ನಾಳೆ ನೋಡೋಣ" ಅಂದ. ಇಪ್ಪತ್ತೇಳು ವರ್ಷದಿಂದ ನೋಡ್ತಿರೋ ಮುಖ, ನನಗೆ ಫಾರಂ! ಇಡೀ ಕಾರಿಡಾರ್ ಕೇಳೋ ಹಾಗೆ ಕೂಗಾಡಿ ಬಂದೆ. ಬಂದವಳೇ, "ನಿನ್ನ ರೆಸಿಸ್ಟರ್ ನೀನೇ ಇಟ್ಕೊ ಮಹರಾಯ" ಅಂತ ಡಬ್ಬಿಯಲ್ಲಿದ್ದ ಯಾವುದೋ ಸಾಮಾನ್ಯ ರೆಸಿಸ್ಟರ್ ಹಾಕಿ ಬೆಸೆದೆ. ಕಡ್ಡಿಗೆ ಅವತ್ತು ಕನ್ನಡಿಗಳನ್ನ ಹೊಂದಿಸೋಕೆ ಲೇಸರ್ ಉರಿದ್ರೆ ಸಾಕಿತ್ತು. ಒಂದು ದಿನದ ಮಾತು ತಾನೇ?

ಮಾರನೇ ಬೆಳಿಗ್ಗೆ ಅವನೇ ಪಾಪ ರೆಸಿಸ್ಟರ್ ತಂದುಕೊಟ್ಟ. ಪೆಟ್ಟಿಗೆ ಅವತ್ತೂ ಕಡ್ಡಿ ಹತ್ರವೇ ಇತ್ತು, ನಾಳೆ ಹಾಕಿದ್ರಾಯ್ತು ಅಂತ ಚೀಟಿ ಸುತ್ತಿಟ್ಟೆ. ಮಧ್ಯಾಹ್ನ ಮಗಳಿಗೆ ತಿಂಗಳ ಮುಂಚೆಯೇ ಹೆರಿಗೆ ನೋವು ಬಂತು ಅಂತ ಅಳಿಯನ ಫೋನ್. ಎದ್ದುಬಿದ್ದು ಓಡಿದೆ. ಹತ್ತು ದಿನ ಬಿಟ್ಟು ಬರೋ ಅಷ್ಟರಲ್ಲಿ ಒಂಬತ್ತು ಪೆಟ್ಟಿಗೆಯೂ ಕೋಣೆಯಲ್ಲಿ ಸಾಲಾಗಿ ಬಿಗಿಯಾಗಿ ಕೂತಿದ್ವು, ಒಂಬತ್ತು ಹಸಿರು ದೀಪ. ನನ್ನ ಕಣ್ಣ ಮುಂದೆ ಮೊಮ್ಮಗಳ ಮುಖ ಬಿಟ್ಟು ಬೇರೇನೂ ಇರಲಿಲ್ಲ. ಮರೆತೇ ಹೋಯ್ತು.

ಯಾವ ಪೆಟ್ಟಿಗೆ ಅನ್ನೋದೂ ಗೊತ್ತಿಲ್ಲ. ಎಲ್ಲ ಒಂದೇ ಥರ, ನಂಬರ್ ಅಂಟಿಸಿದ್ದು ಕಡ್ಡಿ, ಅದೂ ಆಮೇಲೆ. ಎಂಟು ಪೆಟ್ಟಿಗೆಗಳು ಪರಮಾಣುಗಳನ್ನ ಹಿಡಿದು ನಿಲ್ಲಿಸೋ ಲೇಸರ್‌ಗಳದ್ದು, ಅವು ಒಂಚೂರು ನಡುಗಿದ್ರೆ ಅಂಥ ಪ್ರಮಾದ ಇಲ್ಲ. ಒಂಬತ್ತನೆಯದು ಅಳೆಯೋ ಲೇಸರ್‌ದು. ಕೆಟ್ಟ ರೆಸಿಸ್ಟರ್ ಅಲ್ಲಿದ್ರೆ ಕಡ್ಡಿಯ ಹದಿನಾಲ್ಕು ತಿಂಗಳು ನೀರುಪಾಲು.

ಒಂಬತ್ತರಲ್ಲಿ ಒಂದು. ಎಂಟು ಪಾಲು ಏನೂ ಆಗಿರಲ್ಲ. ಬಾಯಿ ಮುಚ್ಕೊಂಡು "ಇಲ್ಲ" ಅಂತ ಬರೆದುಬಿಟ್ರೆ? ಈ ಯೋಚನೆ ನನಗೆ ಬರಲಿಲ್ಲ ಅಂತ ಹೇಳಿದ್ರೆ ನಾಲಿಗೆ ಬಿದ್ದುಹೋಗುತ್ತೆ. ಬಂತು. ಮಧ್ಯಾಹ್ನದಿಂದ ಸಂಜೆವರೆಗೂ ಅದೇ ತಲೆಯಲ್ಲಿ ಗಿರಕಿ ಹೊಡೀತಿತ್ತು.

ಮನೆಯಲ್ಲಿ ನಮ್ಮವರು ಟೈಲರ್. ಮುಂದಿನ ಕೋಣೆಯೇ ಅಂಗಡಿ. ಸಂಜೆ ಬಾಗಿಲಿಗೆ ಬಂದವಳೇ ಚೀಲ ಇಟ್ಟು, ಚಪ್ಪಲಿನೂ ಬಿಡದೆ ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಮಿಷನ್ ನಿಲ್ಲಿಸಲಿಲ್ಲ. ತೋಳಿನ ಹೊಲಿಗೆ ಮುಗಿಸಿ ದಾರ ಕಚ್ಚಿ ತುಂಡು ಮಾಡಿ ತಲೆ ಎತ್ತಿದ್ರು.

"ಕೋಟಿನ ಒಳಗೆ ಸೂಜಿ ಬಿಟ್ಟಿದ್ದೀನೇನೋ ಅಂತ ಅನುಮಾನ ಬಂದ್ರೆ ನಾನೇನು ಮಾಡ್ತೀನಿ?"

"ಗಿರಾಕಿಗೆ ಫೋನ್ ಮಾಡ್ತೀರ."

"ಚುಚ್ಚಿದ ಮೇಲೆ ಅವನೇ ಮಾಡ್ಲಿ ಅಂತ ಕಾಯಲ್ಲ ತಾನೇ? ಮತ್ತೆ ನನ್ನ ಹತ್ರ ಏನು ಕೇಳ್ತಿದ್ದೀಯ? ಬೈಸ್ಕೊಳ್ಳೋಕೆ ಹೆದರ್ತಿದ್ದೀಯ, ಅಷ್ಟೇ. ಊರಿಗೆಲ್ಲ ಬೈದು ಬರ್ತೀಯಲ್ಲ, ಒಂದ್ಸಲ ನೀನೂ ಬೈಸ್ಕೊ."

ಸಿಟ್ಟು ಬಂತು. ಆದ್ರೆ ನಿಜ ಹೇಳ್ತೀನಿ, ಎದೆ ಹಗುರ ಆಯ್ತು.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೇ ಮೇಷ್ಟ್ರ ಕೋಣೆಗೆ ಹೋದೆ. ಕಡ್ಡಿಯೂ ಅಲ್ಲೇ ಇದ್ಲು, ಶುಕ್ರವಾರಕ್ಕೆ ಯಾರ‍್ಯಾರನ್ನ ಕರೆಯೋದು ಅಂತ ಪಟ್ಟಿ ಮಾಡ್ತಾ. ಚೀಟಿ ಮೇಜಿನ ಮೇಲಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿದೆ, ಸ್ಟೋರಿನ ಜಗಳದ ಸಮೇತ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದ್ರು, ಹಾಕ್ಕೊಂಡ್ರು, ಮತ್ತೆ ತೆಗೆದು ಒರೆಸಿದ್ರು. ಬೈದ್ರೆ ವಾಸಿ ಅನ್ನಿಸ್ತು. ಕಡ್ಡಿ ನನ್ನ ಮುಖವನ್ನೇ ನೋಡ್ತಿದ್ಲು.

"ಅವತ್ತು ನನಗೊಂದು ಮಾತು ಹೇಳಬಹುದಿತ್ತಲ್ಲ ಅಕ್ಕಾ. ಒಂದೇ ಒಂದು ಮಾತು. ಬೇರೆ ಎಲ್ಲ ಹೇಳ್ತೀರ. ನಿಮ್ಮ ಮೊಮ್ಮಗಳಿಗೆ ಎಷ್ಟನೇ ದಿನಕ್ಕೆ ಶೀತ ಆಯ್ತು ಅಂತಲೂ ಹೇಳಿದ್ದೀರ."

ತಲೆ ತಗ್ಗಿಸಿ ನಿಂತೆ.

"ಪೆಟ್ಟಿಗೆ ತೆಗೆಯೋಣ," ಅಂದ್ರು ಮೇಷ್ಟ್ರು. "ಒಂದನೇ ನಂಬರಿನಿಂದ ಶುರು ಮಾಡೋಣ."

"ಬೇಡ ಸರ್. ಅಳೆಯೋ ಲೇಸರ್‌ದೇ ಮೊದಲು," ಅಂದ್ಲು ಕಡ್ಡಿ. "ಕೆಟ್ಟದ್ದು ಇದ್ರೆ ಮೊದಲೇ ಗೊತ್ತಾಗಿಬಿಡಲಿ."

ಕೆಳಮಹಡಿಗೆ ಇಳಿದ್ವಿ. ನಾನು ಬೆಸುಗೆ ಹಾಕಿ ಪರೀಕ್ಷೆ ಮಾಡಿದ ಪ್ರತಿ ಜೋಡಣೆಗೂ ಕೆಂಪು ಉಗುರುಬಣ್ಣದ ಒಂದು ಬೊಟ್ಟು ಇಡ್ತೀನಿ. ಬೊಟ್ಟು ಇದ್ರೆ ಮುಗಿದ ಕೆಲಸ. ಮೇಷ್ಟ್ರು ತಮ್ಮದೇ ಸಹಿಯ ಕಾಗದ ಹರಿದ್ರು, ನಾನು ನಾಲ್ಕು ತಿರುಪು ಬಿಚ್ಚಿದೆ, ಕಡ್ಡಿ ಟಾರ್ಚ್ ಹಿಡಿದ್ಲು. ಒಳಗೆಲ್ಲ ಕೆಂಪು ಬೊಟ್ಟುಗಳು. ನಡುವೆ ಒಂದು ರೆಸಿಸ್ಟರ್, ಕಂದು ಬಣ್ಣದ್ದು, ಎರಡು ಕಾಲಿಗೂ ಬೊಟ್ಟಿಲ್ಲ.

ಕಡ್ಡಿ ಟಾರ್ಚ್ ಆರಿಸಿದ್ಲು. ನೆಲದ ಮೇಲೆ ಹಾಗೇ ಕುಕ್ಕರಿಸಿದ್ಲು. ಅಳ್ತಾಳೆ ಅಂದ್ಕೊಂಡೆ, ಅಳಲಿಲ್ಲ.

"ಹದಿನಾಲ್ಕು ತಿಂಗಳದ್ದು ಪಕ್ಕಕ್ಕಿಡಬೇಕಾಗುತ್ತೆ," ಅಂದ್ರು ಮೇಷ್ಟ್ರು ಮೆಲ್ಲಗೆ. "ಮತ್ತೆ ಮೊದಲಿಂದ ಶುರು ಮಾಡಬೇಕು."

"ಇಡಲ್ಲ ಸರ್."

"ಇಡದೆ ಇನ್ನೇನಮ್ಮ?"

"ಈ ರೆಸಿಸ್ಟರ್ ಇನ್ನೂ ಜೀವಂತ ಇದೆಯಲ್ಲ. ಇದು ಏನು ತಪ್ಪು ಮಾಡ್ತಿತ್ತು ಅಂತ ಇದನ್ನೇ ಕೇಳೋಣ." ಅವಳು ಎದ್ದು ನಿಂತು ಬೋರ್ಡಿನ ಮೇಲೆ ಗೀಚೋಕೆ ಶುರು ಮಾಡಿದ್ಲು. ಬಿಸಿಗೆ ಚಳಿಗೆ ಈ ರೆಸಿಸ್ಟರ್ ಜಗ್ಗುತ್ತೆ. ಕೋಣೆ ಎಷ್ಟು ಬಿಸಿ ಇತ್ತು ಅನ್ನೋದು ಹದಿನಾಲ್ಕು ತಿಂಗಳದ್ದೂ ನಿಮಿಷ ನಿಮಿಷಕ್ಕೆ ದಾಖಲಾಗಿದೆ. ಒಂದು ಡಿಗ್ರಿಗೆ ಅಳತೆ ಎಷ್ಟು ವಾಲುತ್ತೆ ಅಂತ ಈಗ ಕಂಡುಹಿಡಿದ್ರೆ ಹಿಂದಿನದನ್ನೆಲ್ಲ ತಿದ್ದಬಹುದು. ಕೋಣೆಯನ್ನ ಒಂದು ದಿನ ಬೆಚ್ಚಗೆ, ಒಂದು ದಿನ ತಣ್ಣಗೆ ಇಡೋದು. ಕೆಟ್ಟ ರೆಸಿಸ್ಟರ್ ಕೆಲವು ದಿನ, ಒಳ್ಳೇದು ಕೆಲವು ದಿನ. ನಲವತ್ತು ದಿನ. ಲಕೋಟೆ ಹಾಗೇ ಮುಚ್ಚಿರಲಿ.

"ಆದ್ರೆ ಯಾವ ದಿನ ಯಾವುದು ಒಳಗಿದೆ ಅಂತ ನನಗೆ ಗೊತ್ತಾಗಬಾರದು," ಅಂದ್ಲು. "ತಪ್ಪು ಚಿಕ್ಕದಾಗಿರಲಿ ಅಂತ ನನ್ನ ಮನಸ್ಸು ಈಗಲೇ ಬೇಡ್ಕೊಳ್ತಿದೆ ಸರ್. ಸರಿ ಇಲ್ಲದ ದಿನಗಳನ್ನ ನನಗೇ ಗೊತ್ತಿಲ್ಲದೆ ಬಿಸಾಕಿಬಿಡ್ತೀನಿ. ಗೊತ್ತಿರೋದು ಅಕ್ಕನಿಗೆ ಮಾತ್ರ."

ಮೇಷ್ಟ್ರು ನನ್ನ ಕಡೆ ತಿರುಗಿದ್ರು. ಅವತ್ತು ಮೊದಲ ಸಲ ಅವರ ತುಟಿ ಒಂಚೂರು ಅಲುಗಾಡ್ತು. "ಇವರು? ನಲವತ್ತು ದಿನ? ಬಾಯಿ ಮುಚ್ಕೊಂಡು?"

"ಹೊಲಿದುಬಿಡ್ತೀನಿ ಸರ್," ಅಂದೆ. "ಮನೆಯಲ್ಲೇ ಟೈಲರ್ ಇದ್ದಾರೆ."

ಆ ನಲವತ್ತು ದಿನ ನಾನು ಹೇಗೆ ಕಳೆದೆ ಅಂತ ನನಗೇ ಗೊತ್ತು. ದಿನಾ ಬೆಳಿಗ್ಗೆ ಎಂಟಕ್ಕೆ ಲೇಸರ್ ಕೋಣೆಗೆ ಹೋಗಿ ಒಳಗಿಂದ ಚಿಲಕ ಹಾಕ್ಕೋತಿದ್ದೆ. ನಾಣ್ಯ ಚಿಮ್ಮೋದು. ಹೆಡ್ ಬಿದ್ರೆ ಒಳ್ಳೇ ರೆಸಿಸ್ಟರ್, ಟೇಲ್ ಬಿದ್ರೆ ಕೆಟ್ಟದ್ದು. ನೋಟ್‌ಬುಕ್ಕಿನಲ್ಲಿ ಬರೆದು, ನೋಟ್‌ಬುಕ್ಕನ್ನ ನನ್ನ ಲಾಕರಿನಲ್ಲಿಟ್ಟು ಬೀಗ. ನಿನ್ನೆ ಇದ್ದದ್ದೇ ಇವತ್ತೂ ಬಂದ್ರೆ ಕೆಲಸ ಇಲ್ಲ ಅಂತ ಸುಮ್ಮನಿರೋ ಹಾಗಿಲ್ಲ, ಬೇಗ ಹೊರಗೆ ಬಂದ್ರೆ ಕಡ್ಡಿಗೆ ಗೊತ್ತಾಗಿಬಿಡುತ್ತಲ್ಲ. ಅದಕ್ಕೇ ಅದನ್ನೇ ಬಿಚ್ಚಿ ಮತ್ತೆ ಅದನ್ನೇ ಬೆಸೀತಿದ್ದೆ. ನೋಡಿದವರು ಇವಳಿಗೆ ತಲೆ ಕೆಟ್ಟಿದೆ ಅನ್ನಬೇಕು. ಮುಚ್ಚಳ ಹಾಕಿ, ಚಿಲಕ ತೆಗೆದು, ಹೊರಗೆ ಕಾರಿಡಾರಿನಲ್ಲಿ ಸ್ಟೂಲಿನ ಮೇಲೆ ಕೂತಿರೋ ಕಡ್ಡಿಗೆ "ಆಯ್ತು" ಅನ್ನೋದು. ಅಷ್ಟೇ ಮಾತು.

ಮೊದಲ ವಾರ ಅವಳು, "ನಿಮ್ಮ ಮುಖ ನೋಡಿದ್ರೇ ಗೊತ್ತಾಗಿಬಿಡುತ್ತೆ, ಆ ಕಡೆ ತಿರುಗಿ 'ಆಯ್ತು' ಅನ್ನಿ" ಅಂದ್ಲು. ಸರಿ, ಗೋಡೆಗೆ ಹೇಳೋಕೆ ಶುರು ಮಾಡಿದೆ. ಆಮೇಲೆ ಆ "ಆಯ್ತು" ಒಂದೊಂದು ದಿನ ಒಂದೊಂದು ರಾಗದಲ್ಲಿದೆ ಅಂದ್ಲು. ಅದನ್ನೂ ಬಿಟ್ಟು ಬಾಗಿಲಿಗೆ ಎರಡು ಸಲ ಕುಟ್ಟೋದು ಅಂತಾಯ್ತು. ಲ್ಯಾಬಿನಲ್ಲಿ ಉಳಿದ ಮಾತೆಲ್ಲ ಮನೆಯಲ್ಲಿ ಸುರಿಯೋದು. "ನಿಮ್ಮ ಪ್ರಯೋಗ ಬೇಗ ಮುಗೀಲಿ ಮಾರಾಯ್ತಿ, ನನ್ನ ಕಿವಿ ಉಳಿಯಲ್ಲ," ಅಂತ ನಮ್ಮವರು ಗೋಗರೀತಿದ್ರು.

ಒಂಬತ್ತನೇ ದಿನ ಅನಾಹುತ ಆಗೋದ್ರಲ್ಲಿತ್ತು. ಬೋರ್ಡಿನ ಮೇಲೆ ರೆಸಿಸ್ಟರಿನ ಕಾಲು ಕೂರೋ ಕಡೆ ತೆಳ್ಳಗಿನ ತಾಮ್ರದ ಪದರ ಇರುತ್ತೆ. ದಿನಾ ದಿನಾ ಕಾಯಿಸಿ ಕಾಯಿಸಿ ಅದರ ಒಂದಂಚು ಮೇಲೆದ್ದಿತ್ತು. ಇನ್ನೆರಡು ಸಲ ಕಾಯಿಸಿದ್ರೆ ಕಿತ್ತು ಬರುತ್ತೆ. ಬೋರ್ಡು ಹೋದ್ರೆ ಈ ಪೆಟ್ಟಿಗೆಯೇ ಹೋಯ್ತು, ಇದರಲ್ಲೇ ಅಳೆಯದಿದ್ರೆ ತಿದ್ದೋದಕ್ಕೆ ಅರ್ಥವಿಲ್ಲ. ಸೋಲ್ಡರಿಂಗ್ ಐರನ್ ಆರಿಸಿ, ಒಂದು ಲೋಟ ನೀರು ಕುಡಿದು, ಕೂತು ಯೋಚಿಸಿದೆ. ಹಿತ್ತಾಳೆಯ ಎರಡು ಗಿಡ್ಡ ಕಂಬ ನೆಟ್ಟು, ಕಂಬದ ಬುಡ ಒಂದೇ ಸಲ ಬೆಸೆದು, ಇನ್ನು ಮುಂದೆ ರೆಸಿಸ್ಟರನ್ನ ಕಂಬದ ತುದಿಗೆ ಬೆಸೆದ್ರೆ ಬೋರ್ಡಿಗೆ ಕಾವು ತಾಗಲ್ಲ. ಕಂಬ ಇರೋದು ಸ್ಟೋರಿನಲ್ಲಿ.

ಹೋದೆ. "ಫಾರಂ ಕೊಡಪ್ಪ," ಅಂದೆ. ತುಂಬಿದೆ. ಮುಖ್ಯಸ್ಥರ ಸಹಿಗೆ ಮೂರನೇ ಮಹಡಿ ಹತ್ತಿದೆ, ಅವರು ಮೀಟಿಂಗಿನಲ್ಲಿದ್ರು, ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕಾದೆ, ಇಳಿದು ಬಂದೆ. ಸ್ಟೋರ್ ಕೀಪರು ನನ್ನನ್ನ ಮೇಲಿಂದ ಕೆಳಗೆ ನೋಡಿ, "ಅಕ್ಕಾ, ಮೈಗೆ ಹುಷಾರಿಲ್ವಾ?" ಅಂತ ಕೇಳಿದ. ಹುಷಾರಾಗೇ ಇದ್ದೀನಪ್ಪ ಅಂದೆ. ಅವನು ನಂಬಲಿಲ್ಲ, ಎರಡು ಕಂಬ ಕೇಳಿದ್ದಕ್ಕೆ ಆರು ಕೊಟ್ಟ.

ಕಂಬ ಗಟ್ಟಿಯಾಗಿ ನಿಂತ್ವು. ಕಡ್ಡಿಯ ಕೆಲಸ ಒಂದು ದಿನವೂ ನಿಲ್ಲಲಿಲ್ಲ. ಬೆಚ್ಚಗಿನ ದಿನ ಬೆವರು ಒರೆಸ್ತಾ, ತಣ್ಣಗಿನ ದಿನ ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೊಂಡು ಕೂರ್ತಿದ್ಲು. ಊಟ ಕಮ್ಮಿ ಮಾಡಿದ್ಲು. ಅವಳ ಡಬ್ಬಿ ಅರ್ಧ ಹಾಗೇ ಉಳೀತಿತ್ತು.

ಇಪ್ಪತ್ತಾರನೇ ದಿನ ಅವಳು ನನ್ನ ಬೆಂಚಿಗೆ ಬಂದ್ಲು. ಕೈಯಲ್ಲಿ ಒಂದು ಕಾಗದ, ಅದರ ತುಂಬ ಚುಕ್ಕಿಗಳು. "ಅಕ್ಕಾ, ಬೆಚ್ಚಗಿನ ದಿನಗಳ ಚುಕ್ಕಿ ಎರಡು ಗುಂಪಾಗಿ ಒಡೀತಿದೆ. ಒಂದು ಗುಂಪು ಕೆಟ್ಟ ರೆಸಿಸ್ಟರ್‌ದೇ ಇರಬೇಕು. ತುಂಬ ದೂರ ಇದೆ. ಇವತ್ತು ಯಾವುದಿತ್ತು ಹೇಳಿ. ಇವತ್ತೊಂದೇ ದಿನದ್ದು."

"ಹೇಳಲ್ಲ."

"ಯಾರಿಗೂ ಗೊತ್ತಾಗಲ್ಲ ಅಕ್ಕಾ. ನನಗೆ ನಿದ್ದೆ ಇಲ್ಲ. ಎಲ್ಲ ದಂಡವಾ ಅಂತ ಒಂದು ಸಲ ಗೊತ್ತಾದ್ರೆ ಸಾಕು."

"ಹೇಳಲ್ಲ ಅಂದ್ರೆ ಹೇಳಲ್ಲ ಕಣೆ. ನಿಯಮ ಮಾಡಿದವಳು ನೀನು."

"ಹೌದು, ಈಗ ಬಾಯಿ ಮುಚ್ಕೊಳ್ಳೋಕೆ ಬರುತ್ತೆ ನಿಮಗೆ!" ಅಂತ ಕೂಗಿದ್ಲು. "ಅವತ್ತು ಬಾಯಿ ಬಿಡಬೇಕಾದಾಗ ಬಿಡಲಿಲ್ಲ!"

ನಾನೂ ಸುಮ್ಮನಿರೋ ಜಾತಿ ಅಲ್ಲ, ನಾಲಿಗೆ ತುದಿಗೆ ಹತ್ತು ಮಾತು ಬಂದ್ವು, ಅವುಗಳ ಹಿಂದೆಯೇ ನಿಂತಿದ್ದ ಹನ್ನೊಂದನೆಯದು ಅವಳು ಕೇಳಿದ ಉತ್ತರವೇ ಆಗಿತ್ತು. ಅಷ್ಟೂ ನುಂಗಿದೆ. ಅವಳು ಬಾಗಿಲು ದಡಾರ್ ಅಂತ ಹಾಕ್ಕೊಂಡು ಹೋದ್ಲು. ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ಸ್ಟೂಲಿನ ಮೇಲೆ ಕೂತಿದ್ಲು. ಕೆಲಸ ಮುಗಿಸಿ ಬಾಗಿಲಿಗೆ ಎರಡು ಸಲ ಕುಟ್ಟಿದೆ.

ನಲವತ್ತೊಂದನೇ ದಿನ ನೋಟ್‌ಬುಕ್ ತಂದು ಅವಳ ಕೈಗೆ ಕೊಟ್ಟೆ. ಮೂರು ದಿನ ಲೆಕ್ಕ ಮಾಡಿದ್ಲು. ಒಂದು ಡಿಗ್ರಿಗೆ ಇಷ್ಟು ವಾಲುತ್ತೆ, ಆ ಇಷ್ಟರಲ್ಲೂ ಇಷ್ಟು ಹೆಚ್ಚುಕಮ್ಮಿಯ ಅನುಮಾನ ಇದೆ ಅಂತ ಬರೆದು, ಮೇಷ್ಟ್ರ ಸಹಿ ಹಾಕಿಸಿ, ಅದನ್ನೂ ಮುಚ್ಚಿ ಅಂಟಿಸಿದ್ರು. ಲಕೋಟೆ ಒಡೆದ ಮೇಲೆ ಅದನ್ನೂ ತಿದ್ದೋ ಹಾಗಿಲ್ಲ.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲರೂ ಕೆಳಗೆ ಸೇರಿದ್ವಿ. ಸಹಿಯ ಕಾಗದ ಕೈಯಿಂದ ಕೈಗೆ ಬಂತು. ಮೇಷ್ಟ್ರು "ಇಲ್ಲ" ಅಂತ ಬರೆದಿದ್ರು. ಕಡ್ಡಿ "ಇಲ್ಲ" ಅಂತ ಬರೆದಿದ್ಲು. ನನ್ನ ಸಾಲಿನಲ್ಲಿ ಜಾಗ ಸಾಲಲಿಲ್ಲ, ಅಂಚಿಗೆ ತಿರುಗಿಸಿ ಬರೆದೆ: ಇದೆ. ಅಳೆಯೋ ಲೇಸರಿನ ಪೆಟ್ಟಿಗೆಯಲ್ಲಿ ತಪ್ಪು ರೆಸಿಸ್ಟರ್, ಹಾಕಿದವಳು ನಾನು, ಹದಿನಾಲ್ಕು ತಿಂಗಳು ಹಾಗೇ ಇತ್ತು, ನಲವತ್ತು ದಿನ ಪರೀಕ್ಷೆ ಮಾಡಿದ್ದೇವೆ. ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿದೆ.

ಪಕ್ಕದ ವಿಭಾಗದ ಮುಖ್ಯಸ್ಥೆ ಲಕೋಟೆ ತಂದಿದ್ರು. ಕತ್ತರಿಯಿಂದ ಅಂಚು ಕತ್ತರಿಸಿ, ಒಳಗಿನ ಸಂಖ್ಯೆಯನ್ನ ಓದಿದ್ರು. ಕಡ್ಡಿ ಕಂಪ್ಯೂಟರಿಗೆ ಕೊಟ್ಲು. ಎರಡು ಸಾಲು ಬರಬೇಕಿತ್ತು, ಮೊದಲು ನನ್ನ ತಪ್ಪನ್ನ ತಿದ್ದದೆ ಇದ್ದದ್ದು, ಆಮೇಲೆ ತಿದ್ದಿದ್ದು.

ಮೊದಲನೇ ಸಾಲು ಬಂತು. ಎಲ್ಲರೂ ಪರದೆ ಕಡೆ ಬಗ್ಗಿದ್ವಿ. ಅಳತೆಯಲ್ಲಿ ಇರಬಹುದಾದ ಅನುಮಾನಕ್ಕಿಂತ ಐದು ಪಟ್ಟು ದೊಡ್ಡ ಏರಿಳಿತ! ಇವರ ಲೋಕದಲ್ಲಿ ಐದು ಪಟ್ಟು ಅಂದ್ರೆ ಹೊಸದೇನೋ ಸಿಕ್ತು ಅಂತ ಡಂಗುರ ಸಾರಬಹುದು. ಬೇಸಿಗೆಯಲ್ಲಿ ಮೇಲೆ, ಚಳಿಗಾಲದಲ್ಲಿ ಕೆಳಗೆ, ಪ್ರಕೃತಿಯ ಆ ಸಂಖ್ಯೆ ಭೂಮಿಯ ಜೊತೆ ಉಯ್ಯಾಲೆ ಆಡ್ತಿದೆ ಅನ್ನೋ ಹಾಗೆ.

ಎರಡನೇ ಸಾಲು ಬಂತು. ಸೊನ್ನೆ. ಅನುಮಾನದ ಒಳಗೇ ಅಡಗಿದ ಸೊನ್ನೆ. ಏರಿಳಿತ ಇಲ್ಲ.

ಮೇಷ್ಟ್ರು ಕುರ್ಚಿ ಹುಡುಕಿ ಕೂತ್ರು. "ಆರು ವಾರದ ಹಿಂದೆ ಇದನ್ನ ಒಡೆದಿದ್ರೆ," ಅಂದ್ರು, "ನಾನು ಜಗತ್ತಿಗೆಲ್ಲ ಹೇಳಿಬಿಡ್ತಿದ್ದೆ. ನಂಬಿಬಿಡ್ತಿದ್ದೆ."

ನನಗೆ ಆಗ ಅರ್ಥ ಆಯ್ತು. ಈ ಹುಡುಗಿ ಹದಿನಾಲ್ಕು ತಿಂಗಳು ಅಳೆದದ್ದು ಸೂರ್ಯನನ್ನೂ ಅಲ್ಲ, ಪರಮಾಣುವನ್ನೂ ಅಲ್ಲ. ನಾನು ಸ್ಟೋರ್ ಕೀಪರ್ ಮೇಲೆ ತೀರಿಸ್ಕೊಂಡ ಸಿಟ್ಟನ್ನ ಅಳೆದಿದ್ದಾಳೆ, ಅಷ್ಟು ಚೆನ್ನಾಗಿ, ಅಷ್ಟು ನಾಜೂಕಾಗಿ. ತಿದ್ದಿದ್ದರಿಂದ ಅನುಮಾನವೂ ಹೆಚ್ಚಾಯ್ತು. ನನ್ನ ರೆಸಿಸ್ಟರ್ ಇಲ್ಲದಿದ್ರೆ ನಿಖರತೆಯಲ್ಲಿ ಇಡೀ ಲೋಕದಲ್ಲೇ ಇವಳದ್ದು ಮೊದಲನೇ ಅಳತೆ ಆಗ್ತಿತ್ತು. ಈಗ ಎರಡನೆಯದು. ಎಲ್ಲರ ಮುಂದೆ ಅಳಬಾರದು ಅಂತ ಹೊರಗೆ ಕಾರಿಡಾರಿಗೆ ಬಂದೆ.

ಕಡ್ಡಿ ನನಗಿಂತ ಮೊದಲೇ ಬಂದು ಅಲ್ಲಿದ್ಲು, ಸ್ಟೂಲಿನ ಮೇಲೆ, ಫೋನಿನಲ್ಲಿ. ಅವಳ ಅಮ್ಮ. "ಸೊನ್ನೆ ಅಮ್ಮಾ," ಅಂತಿದ್ಲು. "ಅಲ್ಲ, ಫೇಲ್ ಅಲ್ಲ. ಏನೂ ಇಲ್ಲ ಅಂತ ಗಟ್ಟಿಯಾಗಿ ಗೊತ್ತಾಯ್ತು. ಹೌದು, ಡಾಕ್ಟರೇಟ್ ಸಿಗುತ್ತೆ. ಇಲ್ಲ, ಊಟ ಆಗಿಲ್ಲ. ಇಲ್ಲೇ ಇದ್ದಾರೆ, ಕೊಡ್ತೀನಿ." ಅಂತ ಫೋನನ್ನ ನನ್ನ ಕಡೆ ಚಾಚಿದ್ಲು.

"ಬೆಸುಗೆ ಅಕ್ಕನಾ?" ಅಂದ್ರು ಆ ಕಡೆಯಿಂದ. "ನಿಮ್ಮ ವಿಷಯ ತುಂಬ ಹೇಳ್ತಿರ್ತಾಳ್ರೀ. ಒಂದು ಮಾತು ಕೇಳ್ಲಾ? ಯಾರೋ ಏನೋ ತಪ್ಪು ಮಾಡಿದ್ರು, ಅದನ್ನ ಸರಿ ಮಾಡ್ತಿದ್ದೀವಿ ಅಂತಿದ್ಲು. ಯಾರು ಅಂತ ಮಾತ್ರ ಹೇಳಲೇ ಇಲ್ಲ. ನಲವತ್ತು ದಿನದಿಂದ ಕೇಳ್ತಿದ್ದೀನಿ, ಬೈದೆ, ಆಣೆ ಹಾಕಿದೆ, ಬಾಯಿ ಬಿಡಲಿಲ್ಲ. ನಿಮಗಾದ್ರೂ ಗೊತ್ತಾ?"

ನಾನು ಕಡ್ಡಿ ಕಡೆ ನೋಡಿದೆ. ಅವಳು ಗೋಡೆ ಕಡೆ ತಿರುಗಿ ಕೂತಿದ್ಲು.

"ಗೊತ್ತು ತಾಯಿ," ಅಂದೆ. "ನಾನೇ."